ಪಟ್ಟಿ ಮೀರದ ಮನುಷ್ಯ

ಏಳನೆಯ ಕಂತು

"ಇದು ಮೂರನೇ ಕಪ್ಪು ಪ್ಯಾಂಟು," ಎನ್ನುತ್ತ ಸಿಕುಜುವಾ ಅದನ್ನು ಮಂಚದ ಮೇಲೆ ಹರವಿದಳು. "ಅಣ್ಣ, ಒಳಗೆ ಬನ್ನಿ. ಬಾಗಿಲಲ್ಲಿ ನಿಂತರೆ ಬೆಳಕು ಮರೆಯಾಗುತ್ತೆ."

ಮುದಿ ಗೈಡ್ ಫಿಡೆಲಿಸ್ ಚೆಂಗುಲಾ ಒಳಗೆ ಬರಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ, ಅಷ್ಟೆ. ಅವನ ಎಡಗಣ್ಣಿನ ಸುತ್ತಲ ಬಾವು ಇನ್ನೂ ಇಳಿದಿರಲಿಲ್ಲ. ಕತ್ತಿನ ಮೇಲೆ ಜೇನು ಕಚ್ಚಿದ ಜಾಗಗಳು ಕಾಳುಮೆಣಸಿನಂತೆ ಗಂಟುಕಟ್ಟಿದ್ದವು.

ಸಫಾರಿ ಕ್ಯಾಂಪಿನ ಈ ಡೇರೆಯ ಅತಿಥಿ, ದಾರ್ ಎಸ್ ಸಲಾಮ್‌ನ ನೊವಾಟಸ್ ಕಾಮುಗಿಶಾ, ಮೂರು ದಿನಗಳ ಹಿಂದೆ ಜೇನುಗೂಡಿದ್ದ ಬಾವೊಬಾಬ್ ಮರದ ಹತ್ತಿರ ಜೇನು ಮುತ್ತಿ ಸತ್ತಿದ್ದ. ಆಕಸ್ಮಿಕವೆಂದು ಎಲ್ಲರೂ ಸಹಿ ಹಾಕಿದ್ದರು. ಇರಿಂಗಾದಿಂದ ಬಂದ ಇನ್ಸ್‌ಪೆಕ್ಟರ್ ಸಿಕುಜುವಾ ಕಿಕೋತಿ ಮಾತ್ರ ಇನ್ನೂ ಹಾಕಿರಲಿಲ್ಲ.

ಅವಳು ಚೀಲದೊಳಗೆ ಮತ್ತೆ ಕೈ ಹಾಕಿದಳು. ಗಾಢ ನೀಲಿ ಅಂಗಿ. ಇನ್ನೊಂದು ಗಾಢ ನೀಲಿ ಅಂಗಿ. ಕಪ್ಪು ಉಣ್ಣೆಯ ಸ್ವೆಟರು. ಬೆಲೆಚೀಟಿ ಕೀಳದ ದುರ್ಬೀನು. ಕಿಟೆಂಗೆ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟ ಕಾಲುಚೀಲಗಳು. ತಳದಲ್ಲಿ ಒಂದು ಸೆಂಟಿನ ಸೀಸೆ, ಮುಕ್ಕಾಲು ಪಾಲು ಖಾಲಿ. ಮುಚ್ಚಳ ತೆಗೆಯುವ ಮೊದಲೇ ಡೇರೆಯಿಡೀ ಮದುವೆ ಮನೆಯ ಹಾಗೆ ಘಮ್ಮೆಂದಿತು.

ಫಿಡೆಲಿಸ್ ಮುಖ ಆಚೆ ತಿರುಗಿಸಿದ. "ಅದೇ ವಾಸನೆ, ಅಫಾಂದೆ," ಎಂದ, ಪೊಲೀಸ್ ಅಧಿಕಾರಿಗೆ ಸಲ್ಲುವ ಗೌರವದ ಮಾತಿನಲ್ಲಿ.

"ಹೇಳಿ."

"ವಿಮಾನದಿಂದ ಇಳಿದಾಗಲೇ ನೋಡಿದೆ, ಅಫಾಂದೆ. ಅಡಿಯಿಂದ ಮುಡಿವರೆಗೆ ಕಪ್ಪು, ನೀಲಿ. ಮಣ್ಣಿಗೆ ಬಂದೋರ ಥರ. ಈ ಬಣ್ಣ ಕಂಡ್ರೆ ಕಚ್ಚೋ ನೊಣ ಮೈಲಿ ದೂರದಿಂದ ಬರ್ತವೆ. ಜೇನಿಗಂತೂ ಕಪ್ಪು ಅಂದ್ರೆ ಜೇನು ಕದಿಯೋ ಪ್ರಾಣೀನೇ ಬಂದ ಹಾಗೆ. ಬಟ್ಟೆ ಬದಲಾಯಿಸಿ ಯಜಮಾನರೇ ಅಂದೆ. ಚೀಲ ತೆಗೆದು ತೋರಿಸಿದ್ರು. ಬೇರೆ ಬಣ್ಣ ಒಂದೂ ಇಲ್ಲ."

"ನಿಮ್ಮ ಅಂಗಿ ಕೊಡಬಹುದಿತ್ತು."

"ಕೊಟ್ಟೆ. ಅವರ ಹೊಟ್ಟೆಗೆ ಗುಂಡಿ ಕೂರಲಿಲ್ಲ." ಫಿಡೆಲಿಸ್ ತನ್ನ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ. "ಇಬ್ಬರೂ ನಕ್ವಿ. ನಗ್ತಾ ಹೊರಟ್ವಿ."

ಸಿಕುಜುವಾ ಖಾಲಿ ಚೀಲವನ್ನು ಎತ್ತಿ ಹಿಡಿದಳು. ಮೆತ್ತನೆಯ ಕ್ಯಾನ್ವಾಸು, ಚಕ್ರವಿಲ್ಲ, ಗಟ್ಟಿ ಚೌಕಟ್ಟಿಲ್ಲ. ಸಣ್ಣ ವಿಮಾನದ ಹೊಟ್ಟೆಗೆ ತುರುಕಲು ಹೇಳಿ ಮಾಡಿಸಿದ್ದು. ಹಿಡಿಗೆ ಕಟ್ಟಿದ ಚೀಟಿಯಲ್ಲಿ ತೂಕ ಹದಿನಾಲ್ಕೂವರೆ ಕಿಲೋ ಎಂದಿತ್ತು. ಹದಿನೈದಕ್ಕಿಂತ ಹೆಚ್ಚಿದ್ದರೆ ಹತ್ತಿಸುವುದಿಲ್ಲ. ದೇಶದಲ್ಲಿ ನಿಷೇಧವಾಗಿರುವ ಪ್ಲಾಸ್ಟಿಕ್ ಕೊಟ್ಟೆ ಒಂದೂ ಇಲ್ಲ. ಬಿಸಿಲ ಮುಲಾಮಿದೆ, ಮಲೇರಿಯಾ ಮಾತ್ರೆಯಿದೆ, ಬ್ಯಾಟರಿಯಿದೆ, ಬಿಡಿ ಸೆಲ್ಲುಗಳೂ ಇವೆ.

"ಇವರು ಕಾಡು ಕಂಡೋರಲ್ಲ ಅಲ್ವಾ?" ಎಂದಳು.

"ಸಿಂಹ ನೋಡಿದ್ದು ಎರಡು ಸಾವಿರ ಶಿಲ್ಲಿಂಗಿನ ನೋಟಿನ ಮೇಲೆ ಮಾತ್ರ ಅಂತ ಅವರೇ ಹೇಳಿದ್ರು. ಹೆಂಡತಿ ಕೊಡಿಸಿದ ಉಡುಗೊರೆಯಂತೆ ಈ ಸಫಾರಿ. ಅರವತ್ತು ತುಂಬಿದ್ದಕ್ಕೆ."

"ಕಾಡು ಗೊತ್ತಿಲ್ಲದೋನು ಇಷ್ಟು ಸರಿಯಾಗಿ ತುಂಬ್ಕೊಂಡಿದ್ದಾನೆ ಅಂದ್ರೆ ಯಾರೋ ಹೇಳಿಕೊಟ್ಟಿದ್ದಾರೆ. ಇಷ್ಟು ಸರಿಯಾಗಿ ಹೇಳಿಕೊಟ್ಟೋರು ಬಣ್ಣದ ವಿಷಯದಲ್ಲಿ ಮಾತ್ರ ಹೇಗೆ ತಪ್ಪಿದ್ರು?"

ಅವಳ ಬೆರಳು ಚೀಲದ ಒಳಜೇಬಿನ ಅಂಚಿನಲ್ಲಿ ನಿಂತಿತು. ನಾಲ್ಕು ಮಡಿಕೆಯಾದ ಕಾಗದ. ಬಿಡಿಸಿದಳು. ತಲೆಯ ಮೇಲೆ ಕ್ಯಾಂಪಿನ ಹೆಸರು, ಮ್ಬುಯುನಿ, ಅದರ ಪಕ್ಕದಲ್ಲಿ ಡೊಳ್ಳುಹೊಟ್ಟೆಯ ಮರದ ಚಿತ್ರ. ಕೆಳಗೆ, ಸಫಾರಿಗೆ ಬರುವಾಗ ತರಬೇಕಾದ ವಸ್ತುಗಳು, ಇಪ್ಪತ್ತೆರಡು ಸಾಲು. ಪ್ರತಿ ಸಾಲಿನ ಮುಂದೆಯೂ ಪೆನ್ಸಿಲಿನಲ್ಲಿ ಎಳೆದ ಗೀಟು.

ಕಾಮುಗಿಶಾ ಒಂದನ್ನೂ ಬಿಟ್ಟಿರಲಿಲ್ಲ. ಒಂದನ್ನೂ ಮೀರಿರಲಿಲ್ಲ.

ಫಿಡೆಲಿಸ್ ಕೊನೆಗೂ ಒಳಗೆ ಬಂದ. ಜೇಬಿನಿಂದ ಕನ್ನಡಕ ತೆಗೆದು ಬಾವು ಬಂದ ಕಣ್ಣಿನ ಮೇಲೆ ಮೆಲ್ಲಗೆ ಕೂರಿಸಿಕೊಂಡ. ತುಟಿಯಾಡಿಸುತ್ತ ಓದಿದ. ನಾಲ್ಕನೆಯ ಸಾಲಿಗೆ ತುಟಿ ನಿಂತಿತು.

"ಇದು ನಮ್ಮ ಪಟ್ಟಿ ಅಲ್ಲ."

"ಹೆಸರು ನಿಮ್ಮದೇ ಇದೆ."

"ಊಟದ ಡೇರೇಲಿ ಹನ್ನೊಂದು ವರ್ಷದಿಂದ ತೂಗುಹಾಕಿದೆ, ಅಫಾಂದೆ. ನಿದ್ದೇಲೂ ಹೇಳ್ತೀನಿ. ನಾಲ್ಕನೇದು, ಒಣಹುಲ್ಲಿನ ಬಣ್ಣ, ಖಾಕಿ ತನ್ನಿ, ಕಪ್ಪು ನೀಲಿ ಬೇಡ ಅಂತ. ಇಲ್ಲಿ ಕಪ್ಪು, ಗಾಢ ನೀಲಿ ಮಾತ್ರ ತನ್ನಿ ಅಂತ ಬರೆದಿದೆ."

ಸಿಕುಜುವಾ ಅವನನ್ನು ಕರೆದುಕೊಂಡು ಊಟದ ಡೇರೆಗೆ ಹೋದಳು. ಗೋಡೆಯ ಪಟ್ಟಿಯನ್ನು ಮೊಳೆಯಿಂದ ಬಿಡಿಸಿ ಮೇಜಿನ ಮೇಲೆ ಎರಡನ್ನೂ ಜೋಡಿಸಿದಳು. ಅಡುಗೆಯವನು ತಂದಿಟ್ಟ ಶುಂಠಿ ಚಹಾ ಕೆನೆಗಟ್ಟಿತು. ಹತ್ತೊಂಬತ್ತು ಸಾಲು ಅಕ್ಷರಕ್ಕೆ ಅಕ್ಷರ ಒಂದೇ. ಮೂರು ಬೇರೆ.

ಒಂದು ಬಟ್ಟೆಯ ಬಣ್ಣ. ಇನ್ನೊಂದು ಸೆಂಟು. ಸುವಾಸನೆಯ ಯಾವುದೂ ಬೇಡ ಎಂದು ಗೋಡೆಯ ಪಟ್ಟಿ ಹೇಳುತ್ತಿದ್ದರೆ, ಕಾಮುಗಿಶಾನದು ಸೆಂಟು ಧಾರಾಳವಾಗಿ ಹಚ್ಚಿಕೊಳ್ಳಿ, ನೊಣ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಿತ್ತು. ಮೂರನೆಯದರ ಮೇಲೆ ಅವಳ ಕಣ್ಣು ಬಹಳ ಹೊತ್ತು ನಿಂತಿತು. 'ಸೂಜಿ ಇರುವ ಯಾವ ಔಷಧಿಯನ್ನೂ ಸಣ್ಣ ವಿಮಾನದಲ್ಲಿ ಬಿಡುವುದಿಲ್ಲ. ಮನೆಯಲ್ಲೇ ಇಟ್ಟು ಬನ್ನಿ. ಕ್ಯಾಂಪಿನಲ್ಲಿ ವೈದ್ಯರಿದ್ದಾರೆ.'

ಕ್ಯಾಂಪಿನಲ್ಲಿ ವೈದ್ಯರಿರಲಿಲ್ಲ. ಹತ್ತಿರದ ಆಸ್ಪತ್ರೆ ನಾಲ್ಕು ಗಂಟೆಯ ದಾರಿ.

ನಿನ್ನೆ ಸಂಜೆ ಕಚೇರಿಯ ಕಪಾಟಿನಲ್ಲಿ ಅವಳು ಕಾಮುಗಿಶಾ ತುಂಬಿ ಕಳಿಸಿದ್ದ ಆರೋಗ್ಯದ ಅರ್ಜಿ ನೋಡಿದ್ದಳು. ಜೇನು, ಕಣಜ ಕಚ್ಚಿದರೆ ಪ್ರಾಣಾಪಾಯ, ಚುಚ್ಚುಮದ್ದು ಸದಾ ಜೇಬಿನಲ್ಲಿರುತ್ತದೆ ಎಂದು ಅವನೇ ಬರೆದಿದ್ದ. ಅದನ್ನು ಹೇಳಿದಾಗ ಫಿಡೆಲಿಸ್ ಬೆಂಚಿನ ಮೇಲೆ ಕುಸಿದು ಕುಳಿತ.

"ನನಗೆ ಯಾರೂ ಹೇಳಲಿಲ್ಲ. ಗೊತ್ತಿದ್ದಿದ್ರೆ ಆ ಮರದ ದಿಕ್ಕಿಗೆ ತಲೆ ಹಾಕಿ ಮಲಗ್ತಿರಲಿಲ್ಲ ನಾನು. ಮೂವತ್ತು ಹೆಜ್ಜೆ ದೂರದಲ್ಲೇ ನಿಲ್ಲಿಸಿದ್ದೆ. ಯಾವತ್ತೂ ಅಲ್ಲೇ ನಿಲ್ಲಿಸೋದು. ಗಾಳಿ ನಮ್ಮ ಬೆನ್ನಿಂದ ಮರದ ಕಡೆಗೆ ಬೀಸಿತು. ಅಷ್ಟೇ ಸಾಕಾಯ್ತು. ನನಗೆ ಎಂಟು ಹತ್ತು ಕಡೆ ಕಚ್ಚಿದ್ವು. ಅವರ ಬೆನ್ನು ಕಾಣಿಸ್ತಿರಲಿಲ್ಲ."

ಸೂಜಿಯ ಆ ಸಾಲಿನ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರಗಳಿದ್ದವು. ಮೊದಲು ಒಂದು ಪ್ರಶ್ನೆಯ ಗುರುತು. ಆಮೇಲೆ, 'ಕೇಳಿದೆ. ಬೇಡವಂತೆ.' ಅದರ ಮುಂದೆ, ಉಳಿದ ಸಾಲುಗಳ ಹಾಗೆಯೇ, ಗೀಟು.

ಆ ಮನುಷ್ಯನಿಗೆ ಅನುಮಾನ ಬಂದಿತ್ತು. ಯಾರನ್ನೋ ಕೇಳಿದ್ದ. ಉತ್ತರ ನಂಬಿ ಪ್ರಾಣವನ್ನು ಮನೆಯ ಮೇಜಿನ ಖಾನೆಯಲ್ಲಿಟ್ಟು ಬಂದಿದ್ದ.

"ಅತಿಥಿಗಳಿಗೆ ಪಟ್ಟಿ ಕಳಿಸೋದು ಯಾರು?"

"ಲುಸಾಜೋ. ಕಚೇರೀಲಿ ಇನ್ಯಾರಿದ್ದಾರೆ?" ಫಿಡೆಲಿಸ್ ಕನ್ನಡಕ ತೆಗೆದ. "ಈಗ ಅವನು ವಿಮಾನದ ಬಯಲಿಗೆ ಹೊರಡೋದ್ರಲ್ಲಿದ್ದಾನೆ. ಹನ್ನೊಂದರ ವಿಮಾನಕ್ಕೆ ಕಾಮುಗಿಶಾರ ಹೆಂಡತಿ ಬರ್ತಾರೆ, ಗಂಡನ ಸಾಮಾನು ತಗೊಂಡು ಹೋಗೋಕೆ."

"ಅವನು ಎಲ್ಲಿಗೂ ಹೋಗಲ್ಲ. ಬೇರೆ ಯಾರನ್ನಾದ್ರೂ ಕಳಿಸೋಣ."

"ನಾನೇ ಹೋಗ್ತೀನಿ." ಅವನು ಎದ್ದು ನಿಂತಿದ್ದ. "ನನಗೂ ಆಯಮ್ಮನ ಹತ್ರ ಕೆಲಸ ಇದೆ. ಅವರ ಯಜಮಾನರು ನನ್ನ ತೊಡೆ ಮೇಲೆ ಪ್ರಾಣ ಬಿಟ್ಟಿದ್ದು. ಬಿಡೋ ಮುಂಚೆ ಒಂದು ಮಾತು ಹೇಳಿದ್ರು."

ಸಿಕುಜುವಾ ತಲೆಯೆತ್ತಿದಳು. "ಎರಡು ದಿನದಿಂದ ನನಗೆ ಹೇಳಿಲ್ಲ ನೀವು."

"ಸಾಯೋರ ಮಾತು ಮೊದಲು ಮನೆಯೋರಿಗೆ ಸೇರಬೇಕು, ಅಫಾಂದೆ. ಆಮೇಲೆ ಪೊಲೀಸರಿಗೆ. ನಿಮ್ಮಪ್ಪನೂ ನಮ್ಮ ಹೆಹೆ ಕುಲದವರೇ, ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಅವರಿಗೆ ಹೇಳಿ ಬಂದು, ಮಧ್ಯಾಹ್ನ ಊಟಕ್ಕೆ ಕೂರೋ ಮೊದಲೇ ನಿಮಗೆ ಹೇಳ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಅವಳು ಬಿಡುತ್ತಿರಲಿಲ್ಲ. ಆದರೆ ಆ ಮುದುಕ ಮೂರು ದಿನದಿಂದ ಹೊತ್ತು ತಿರುಗುತ್ತಿದ್ದ ಭಾರ ಅವನ ಭುಜದಲ್ಲೇ ಕಾಣುತ್ತಿತ್ತು. "ಊಟಕ್ಕೆ ಮೊದಲು," ಎಂದಳು. ಫಿಡೆಲಿಸ್ ತಲೆದೂಗಿ ಗಾಡಿಯತ್ತ ನಡೆದ.

ಲುಸಾಜೋ ಮ್ವಕಾತೊಬೆ ಇಸ್ತ್ರಿಯ ಗೆರೆ ಮುರಿಯದ ಅಂಗಿ ತೊಟ್ಟು ಕಚೇರಿಯ ಡೇರೆಯಲ್ಲಿ ಕುಳಿತಿದ್ದ. ಮೂವತ್ತೈದರ ಆಸುಪಾಸು. ಅವಳನ್ನು ಕಂಡು ಎದ್ದು, "ಶಿಕಮೋ, ಅಫಾಂದೆ," ಎಂದು ಹಿರಿಯರಿಗೆ ಸಲ್ಲಬೇಕಾದ ನಮಸ್ಕಾರ ಸಲ್ಲಿಸಿದ.

"ಮರಹಬಾ, ತಮ್ಮ. ಕೂತ್ಕೋ."

"ನಾನು ಹೊರಡಬೇಕು. ಗಾಡಿ ಕಾಯ್ತಿದೆ."

"ಗಾಡಿ ಹೋಯ್ತು."

ಅವನು ಕಿಟಕಿಯತ್ತ ನೋಡಿದ. ಕೆಂಪು ಧೂಳು ಅಕೇಶಿಯಾ ಗಿಡಗಳ ಮೇಲೆ ನಿಧಾನ ಕೂರುತ್ತಿತ್ತು. ಮುಖದಲ್ಲಿ ಏನೋ ಸರಿದುಹೋಯಿತು. ಮತ್ತೆ ಕುಳಿತ.

ಅವಳು ಗಂಟೆಗೂ ಹೆಚ್ಚು ಹೊತ್ತು ಕಚೇರಿಯ ಕಡತಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ಎರಡು ಪಟ್ಟಿಗಳನ್ನೂ ಅವನ ಮುಂದಿಟ್ಟಳು. "ಓದು. ಯಾವುದು ನಿನ್ನದು?"

ಅವನು ಓದಲಿಲ್ಲ. "ಎರಡರ ಮೇಲೂ ಕ್ಯಾಂಪಿನ ಹೆಸರಿದೆ. ದಾರ್‌ನಲ್ಲಿ ಯಾರ ಕೈಲಿ ಬೇಕಾದ್ರೂ ಇಂಥ ಹತ್ತು ಮಾಡಿಸಬಹುದು. ನನಗೇನು ಗೊತ್ತು?" ಆಮೇಲೆ ತುಟಿಯಂಚಿನಲ್ಲೇ ನಕ್ಕ. "ಸಿಕುಜುವಾ, ಅಂದ್ರೆ 'ಗೊತ್ತಿರಲಿಲ್ಲ' ಅಂತಲೇ ಹೆಸರು ಇಟ್ಕೊಂಡಿರೋರು ನೀವು. ನಿಮಗೆ ಹೇಳಿಕೊಡಬೇಕಾ ನಾನು?"

"ಎಂಟನೇದು ಹುಟ್ಟುತ್ತೆ ಅಂತ ನಮ್ಮಮ್ಮನಿಗೆ ಗೊತ್ತಿರಲಿಲ್ಲ, ಅದಕ್ಕೆ ಆ ಹೆಸರು. ನನಗೆ ಸಾಕಷ್ಟು ಗೊತ್ತಿದೆ. ನಿನ್ನ ಎಡಗೈ ಮೇಜಿನ ಮೇಲಿಡು."

ಅವನು ಇಡಲಿಲ್ಲ. ಇಡಬೇಕಾದ ಅಗತ್ಯವೂ ಇರಲಿಲ್ಲ. ಆ ಕೈಗೆ ಎರಡು ಬೆರಳು ಇಲ್ಲದ್ದನ್ನು ಅವಳು ಬಂದ ದಿನವೇ ನೋಡಿದ್ದಳು.

"ಮಾಫಿಂಗಾದ ಮರದ ಮಿಲ್ಲು," ಎಂದಳು. "ನಿನ್ನ ಕೆಲಸದ ಅರ್ಜೀಲಿ ನೀನೇ ಬರೆದಿದ್ದೀಯ. ಆರು ವರ್ಷ ಗರಗಸದ ಮುಂದೆ. ಮಿಲ್ಲಿನ ಯಜಮಾನ ಯಾರು?"

ಹೊರಗೆ ಯಾವುದೋ ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಲುಸಾಜೋ ಎಡಗೈಯನ್ನು ತಾನಾಗಿಯೇ ಮೇಜಿನ ಮೇಲಿಟ್ಟ.

"ಬೆರಳು ಹೋದ ದಿನ ಕಾಮುಗಿಶಾ ಮಿಲ್ಲಲ್ಲೇ ಇದ್ದ. ರಕ್ತ ಒರೆಸಿ ಮಿಷನ್ ಮತ್ತೆ ಶುರು ಮಾಡಿ ಅಂದ. ನನ್ನನ್ನ ಆಸ್ಪತ್ರೆಗೆ ಸಾಗಿಸಿದ್ದು ಮರ ಸಾಗಿಸೋ ಲಾರೀಲಿ, ದಿಮ್ಮಿಗಳ ಮೇಲೆ ಮಲಗಿಸಿ." ದನಿಯಲ್ಲಿ ಏರಿಳಿತವಿರಲಿಲ್ಲ. "ಇಲ್ಲಿ ವಿಮಾನ ಇಳಿದಾಗ ಕೈ ಕುಲುಕಿದ. ಗುರುತು ಸಿಗಲಿಲ್ಲ ಅವನಿಗೆ."

"ಪಟ್ಟಿ ನೀನೇ ಬದಲಾಯಿಸಿದ್ದು."

"ಹೌದು."

ಇಷ್ಟು ಸುಲಭವಾಗಿ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಗೆದ್ದ ಹಾಗೆ ಅನ್ನಿಸಲಿಲ್ಲ. ಯಾವುದೋ ಮೆಟ್ಟಿಲು ತಪ್ಪಿ ಕಾಲಿಟ್ಟ ಹಾಗಾಯಿತು.

"ಅವನು ನಿನಗೆ ಫೋನ್ ಮಾಡಿ ಕೇಳಿದ. ಚುಚ್ಚುಮದ್ದು ತರಲಾ ಅಂತ. ಬೇಡ ಅಂದೆ."

"ಇಲ್ಲ."

"ಇಲ್ನೋಡು, ಅವನ ಕೈಬರಹ. ಕೇಳಿದೆ, ಬೇಡವಂತೆ."

ಲುಸಾಜೋ ಮೊದಲ ಬಾರಿಗೆ ಕಾಗದವನ್ನು ಕೈಗೆತ್ತಿಕೊಂಡ. ಪೆನ್ಸಿಲಿನ ಅಕ್ಷರಗಳನ್ನು ಬೆಳಕಿಗೆ ಹಿಡಿದು ನೋಡಿದ. "ಇಲ್ಲಿ ಫೋನ್ ಎಲ್ಲಿದೆ, ಅಫಾಂದೆ? ನೀವು ಬಂದು ಎರಡು ದಿನ ಆಯ್ತು, ನಿಮ್ಮ ಫೋನ್ ಒಂದ್ಸಲ ಬಡ್ಕೊಂಡಿದೆಯಾ? ಈ ಕಂಪ್ಯೂಟರಿಗೆ ಪತ್ರ ಬರೀಬೇಕು, ಇಲ್ಲಾಂದ್ರೆ ಇಲ್ಲ. ಅವನು ಒಂದು ಪತ್ರಾನೂ ಬರೀಲಿಲ್ಲ."

"ಹಾಗಾದ್ರೆ ಯಾರನ್ನ ಕೇಳಿದ?"

"ಮನೇಲಿ ಚೀಲ ತುಂಬ್ತಾ ಕೂತಿರೋ ಗಂಡಸು ಯಾರನ್ನ ಕೇಳ್ತಾನೆ?"

ಲುಸಾಜೋ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. ಐದು ವಾರದ ಹಿಂದಿನ ಪತ್ರ. ಕೆಳಗೆ ಹೆಸರು, ಆಡೆಲಿನಾ ಕಾಮುಗಿಶಾ.

ಪತ್ರದ ಭಾಷೆ ಅಕ್ಕರೆಯಿಂದ ತುಂಬಿತ್ತು. ನನ್ನ ಯಜಮಾನರ ಚರ್ಮಕ್ಕೆ ಬಿಸಿಲು ಆಗದು, ವೈದ್ಯರು ಗಾಢ ಬಣ್ಣವನ್ನೇ ತೊಡಲು ಹೇಳಿದ್ದಾರೆ. ಸೆಂಟಿಲ್ಲದೆ ಅವರು ಮನೆಯಿಂದ ಹೊರಗೆ ಕಾಲಿಡುವುದಿಲ್ಲ, ಬೇಡವೆನ್ನಬೇಡಿ. ಅವರಿಗೆ ಸೂಜಿ ಚುಚ್ಚಿಕೊಳ್ಳುವ ಚಟ ಹತ್ತಿದೆ, ಬಿಡಿಸಲು ಪಾಡು ಪಡುತ್ತಿದ್ದೇನೆ. ನಾನು ಹೇಳಿದರೆ ಕೇಳುವುದಿಲ್ಲ, ಕ್ಯಾಂಪಿನ ಕಾಗದದಲ್ಲಿ ಬಂದರೆ ಚಾಚೂ ತಪ್ಪದೆ ಪಾಲಿಸುತ್ತಾರೆ. ದಯವಿಟ್ಟು ಈ ಮೂರು ಸಾಲು ಬದಲಾಯಿಸಿ ಕಳಿಸಿ. ದೊಡ್ಡ ಮರವನ್ನು ಅವರಿಗೆ ಹತ್ತಿರದಿಂದ ತೋರಿಸುವುದನ್ನು ಮರೆಯಬೇಡಿ.

"ನೀನಿದನ್ನ ನಂಬಿದೆ," ಎಂದಳು ಸಿಕುಜುವಾ.

"ಆರೋಗ್ಯದ ಅರ್ಜಿ ಬಂದಾಗ ಓದಿದೆ. ಆಗ ಗೊತ್ತಾಯ್ತು ಸೂಜಿ ಯಾಕೆ ಅಂತ." ಅವನು ಕಣ್ಣು ತಪ್ಪಿಸಲಿಲ್ಲ. "ಅರ್ಜೀನ ಕಪಾಟಲ್ಲಿಟ್ಟು ಬೀಗ ಹಾಕ್ದೆ. ಫಿಡೆಲಿಸ್‌ಗೆ ಹೇಳಲಿಲ್ಲ. ಅದು ನನ್ನ ಪಾಲು. ಅಷ್ಟಕ್ಕೆ ನೀವೇನು ಮಾಡ್ತೀರೋ ಮಾಡಿ. ಆದ್ರೆ ಕೊಲ್ಲೋಕೆ ಹೊರಟಿದ್ದು ನಾನಲ್ಲ. ಕೊಲ್ಲೋರನ್ನ ತಡೀಲಿಲ್ಲ."

ಅವಳು ಪರದೆಯನ್ನೇ ನೋಡುತ್ತಿದ್ದಳು. ಬಂದ ಪತ್ರಗಳ ಸಾಲಿನಲ್ಲಿ ಆ ಪತ್ರದ ಮೇಲೆ ಇನ್ನೊಂದಿತ್ತು. ಇವತ್ತು ಬೆಳಿಗ್ಗೆ ಆರಕ್ಕೆ ಬಂದದ್ದು.

"ಇದೇನು?"

"ಗಂಡನ ಕೊನೇ ಗಳಿಗೇಲಿ ಜೊತೆಗಿದ್ದೋರು ಯಾರು, ಅವರಿಗೆ ಏನಾದ್ರೂ ಹೇಳಿದ್ರಾ ಅಂತ ಕೇಳಿದ್ರು."

"ನೀನೇನು ಬರೆದೆ?"

ಲುಸಾಜೋ ಪರದೆಯಿಂದ ಕಣ್ಣು ತೆಗೆದ. "ಫಿಡೆಲಿಸ್ ಚೆಂಗುಲಾ ಅಂತ ಬರೆದೆ. ಏನೋ ಹೇಳಿದ್ದಾರಂತೆ, ನಿಮಗೊಬ್ಬರಿಗೇ ಹೇಳ್ತಾನಂತೆ, ಇನ್ನೂ ಯಾರಿಗೂ ಬಾಯಿ ಬಿಟ್ಟಿಲ್ಲ ಅಂತ ಬರೆದೆ."

"ಯಾಕೆ ಬರೆದೆ?"

"ಕೇಳಿದ್ರು, ಬರೆದೆ. ಅವರ ಮುಂದೆ ಅವನನ್ನ ಒಬ್ಬನೇ ಬಿಡಬಾರದು ಅಂತಲೇ ನಾನು ಬಯಲಿಗೆ ಹೊರಟಿದ್ದು." ಅವನು ಕಿಟಕಿಯತ್ತ ಕೈ ತೋರಿಸಿದ. "ಅವನನ್ನ ಒಬ್ಬನೇ ಕಳಿಸಿದ್ದು ನೀವು."

ಸಿಕುಜುವಾ ಆಗಲೇ ರೇಡಿಯೋ ಕೈಗೆತ್ತಿಕೊಂಡಿದ್ದಳು. "ಫಿಡೆಲಿಸಣ್ಣ, ಕೇಳಿಸ್ತಿದೆಯಾ? ಎಲ್ಲಿದ್ದೀರೋ ಅಲ್ಲೇ ಗಾಡಿ ನಿಲ್ಲಿಸಿ. ಏನೂ ಮಾತಾಡಬೇಡಿ ಅವರ ಹತ್ರ." ಕರಕರ ಸದ್ದು. ಮತ್ತೆ ಕರೆದಳು. ಮೂರನೆಯ ಸಲ ಕರೆದಾಗ ಕರಕರವೂ ನಿಂತಿತು. ಅತ್ತಕಡೆ ಯಾರೋ ರೇಡಿಯೋವನ್ನು ಆರಿಸಿದ್ದರು.

ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಹತ್ತು. ವಿಮಾನ ಇಳಿದು ಗಂಟೆ ಮೀರಿದೆ. ಬಯಲಿನಿಂದ ಕ್ಯಾಂಪಿಗೆ ನಲವತ್ತು ನಿಮಿಷದ ದಾರಿ.

"ಇನ್ನೊಂದು ಗಾಡಿ ಎಲ್ಲಿದೆ?"

"ಮ್ಯಾನೇಜರ್ ಇರಿಂಗಾಗೆ ತಗೊಂಡು ಹೋಗಿದ್ದಾರೆ. ನಿಮ್ಮದು—"

ಅವಳು ತನ್ನ ಗಾಡಿಯ ಕಡೆ ಓಡುತ್ತಿದ್ದಳು. ಬೀಗದ ಕೈ ತಿರುಗಿಸುವ ಹೊತ್ತಿಗೆ ದೂರದಲ್ಲಿ ಎಂಜಿನ್ನಿನ ಸದ್ದು ಕೇಳಿಸಿತು. ಅಕೇಶಿಯಾಗಳ ನಡುವೆ ಕೆಂಪು ಧೂಳು ಎದ್ದಿತು. ಕ್ಯಾಂಪಿನದೇ ಹಸಿರು ಗಾಡಿ. ಸಿಕುಜುವಾ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟಳು. ಮುದುಕ ಬಂದ. ಅವನ ಮೇಲೆ ರೇಗಬೇಕು, ಆಮೇಲೆ ಮಾತು ಕೇಳಬೇಕು.

ಗಾಡಿ ಊಟದ ಡೇರೆಯ ಮುಂದೆ ನಿಂತಿತು. ಚಾಲಕನ ಬಾಗಿಲಿನಿಂದ ಒಬ್ಬ ಹೆಂಗಸು ಇಳಿದಳು.

ಐವತ್ತರ ಹೆಂಗಸು, ಗಂಡ ಸತ್ತ ಮೂರನೆಯ ದಿನ. ಆದರೆ ಮೈಮೇಲೆ ಕಪ್ಪಿರಲಿಲ್ಲ. ಒಣಹುಲ್ಲಿನ ಬಣ್ಣದ ಅಂಗಿ, ಖಾಕಿ ಪ್ಯಾಂಟು, ಅಗಲ ಅಂಚಿನ ಟೊಪ್ಪಿ, ಕಣಕಾಲು ಮುಚ್ಚುವ ಬೂಟು. ಹತ್ತಿರ ಬಂದಾಗ ಸೋಪಿನ ವಾಸನೆ ಕೂಡ ಬರಲಿಲ್ಲ. ಗೋಡೆಯ ಪಟ್ಟಿಯನ್ನು ಯಾರೋ ಅವಳಿಗೆ ತೊಡಿಸಿ ಕಳಿಸಿದ ಹಾಗಿತ್ತು.

ಗಾಡಿಯಲ್ಲಿ ಇನ್ನು ಯಾರೂ ಇರಲಿಲ್ಲ.

"ನಾನು ಆಡೆಲಿನಾ," ಎಂದಳು ಅವಳು ಮೆಲುದನಿಯಲ್ಲಿ. "ನಿಮ್ಮ ಗೈಡ್ ದಾರೀಲಿ ಇಳ್ಕೊಂಡ್ರು. ಹೇಳಬೇಕಾದ್ದು ಹೇಳಿ ಆಯ್ತು, ನೀವು ಹೋಗ್ತಿರಿ, ನಾನು ನಡ್ಕೊಂಡು ಬರ್ತೀನಿ ಅಂದ್ರು. ಪಾಪ, ತುಂಬ ನೊಂದಿದ್ರು."

ಈ ಕಾಡಿನಲ್ಲಿ ಹಗಲು ಹೊತ್ತಿನಲ್ಲೂ ಯಾರೂ ಒಬ್ಬರೇ ಗಾಡಿಯಿಂದ ಇಳಿದು ನಡೆಯುವುದಿಲ್ಲ. ಅತಿಥಿಯನ್ನು ಬಿಟ್ಟು ಗೈಡ್ ಅಂತೂ ಎಂದೂ ಇಳಿಯುವುದಿಲ್ಲ.

ಆಡೆಲಿನಾ ಕೈ ಕುಲುಕಲೆಂದು ಬಲಗೈ ಚಾಚಿದಳು. ಜುಲೈ, ಇಲ್ಲಿ ಮಳೆಯೇ ಇಲ್ಲದ ತಿಂಗಳು. ಬಯಲಿನಿಂದ ಕ್ಯಾಂಪಿನವರೆಗಿನ ಆ ದಾರಿಯಲ್ಲಿ ಒಂದು ಹನಿ ನೀರು ಎಲ್ಲಿಯೂ ಸಿಗುವುದಿಲ್ಲ. ಸಿಕುಜುವಾ ಚಾಚಿದ ಆ ಕೈಯನ್ನೇ ನೋಡುತ್ತ ನಿಂತಳು. ಒಣಹುಲ್ಲಿನ ಬಣ್ಣದ ಅಂಗಿಯ ತೋಳು, ಈಗಷ್ಟೇ ಏನನ್ನೋ ತೊಳೆದುಕೊಂಡ ಹಾಗೆ, ಮೊಣಕೈವರೆಗೂ ಒದ್ದೆಯಾಗಿತ್ತು.